ಗೆಣಸಿನ ಸಿಪ್ಪೆಯೂ ವಾರಗಿತ್ತಿಯ ಮೇಕೆಯೂ

ನನ್ನ ವಾರಗಿತ್ತಿಯ ಮುಖ ಕಂಡರೆ ಈಗಲೂ ಮೈ ಉರಿಯುತ್ತದೆ. ಅವಳ ಮೇಕೆ ಕಂಡರೆ ಇನ್ನೂ ಹೆಚ್ಚು.

ತ್ಯಾವಣಿಗೆ ಹತ್ತಿರದ ನಮ್ಮೂರಲ್ಲಿ ನಮ್ಮಿಬ್ಬರ ಹಿತ್ತಿಲುಗಳ ನಡುವೆ ಮೊಣಕಾಲೆತ್ತರದ ಗೋಡೆ ಇದೆ. ಈಚೆ ನಾನು ಮರಗೆಣಸಿನ ಹಿಟ್ಟು ತೆಗೆಯುತ್ತೇನೆ. ಸಿಪ್ಪೆ ಹೆರೆದು, ತುರಿದು, ಬಟ್ಟೆಯಲ್ಲಿ ಹಿಂಡಿದರೆ ಹಾಲಿನಂಥ ನೀರು ಬರುತ್ತದೆ. ಅದನ್ನು ಡ್ರಮ್ಮಿನಲ್ಲಿ ಅಲುಗಾಡಿಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬಿಳಿ ಹಿಟ್ಟು ತಳ ಹಿಡಿದು ಕೂತಿರುತ್ತದೆ. ಒಣಗಿಸಿ ಚನ್ನಗಿರಿಯ ಹಪ್ಪಳದವರಿಗೆ ಕೊಡುತ್ತೇನೆ. ಮೇಲಿನ ನೀರು ಚೆಲ್ಲಬೇಕು. ಅದು ನಾರುತ್ತದೆ, ಸುಳ್ಳೇಕೆ ಹೇಳಲಿ. ಒಂದು ದಿನ ಆ ನೀರು ಅವಳ ಕಡೆ ಹರಿಯಿತು. ಓಣಿಗೆಲ್ಲ ಕೇಳುವಂತೆ ನನ್ನ ತವರನ್ನು ಎತ್ತಿ ಬೈದಳು. ಅವತ್ತೇ ಮಾತು ಬಿಟ್ಟೆವು. ನಮ್ಮಲ್ಲಿ ಮಾತು ಬಿಟ್ಟ ಮೇಲೆ ಮೊದಲು ಬಾಯಿ ತೆರೆದವರು ಸೋತ ಹಾಗೆ. ಪ್ರಾಣ ಹೋದರೂ ನಾನು ತೆರೆಯಬಾರದು ಅಂದುಕೊಂಡಿದ್ದೆ.

ಹಾಗಂತ ಸುಮ್ಮನಿದ್ದೆವೇ? ಮಾತು ಬಿಟ್ಟವರಿಗೆ ಕೋಳಿ, ಪೊರಕೆ, ಗೋಡೆ ಇದ್ದೇ ಇರುತ್ತವಲ್ಲ. ಅವಳು ಕಾಳು ಎರಚುತ್ತ, “ಮೂಗು ಮುಚ್ಕಳೇ ಕೋಳಿ, ಆ ಕಡೆ ನಾತ ಐತೆ” ಅನ್ನುತ್ತಿದ್ದಳು. ನಾನು ಪೊರಕೆಗೆ ಹೇಳುತ್ತಿದ್ದೆ, “ಕೆಲ್ಸ ಇಲ್ದೋರಿಗೆ ಮೂಗು ಭಾಳ ಚುರುಕು.”

ಅವಳ ಮೇಕೆ ಗಬ್ಬವಾಗಿತ್ತು. ಅದಕ್ಕೆ ನನ್ನ ಸಿಪ್ಪೆಯ ಗುಡ್ಡೆಯ ಮೇಲೇ ಕಣ್ಣು. ನಾನು ತರುವುದು ಕಹಿ ಗೆಣಸು. ಹಿಂಡಿ ಒಣಗಿಸಿದ ಹಿಟ್ಟಿಗೆ ದೋಷವಿಲ್ಲ, ಆದರೆ ಅದರ ಹಸಿ ಸಿಪ್ಪೆ ವಿಷ. ಹೊನ್ನಾಳಿ ಕಡೆ ಗೆಣಸು ಕೊಡುವವನ ಕುರಿಗಳು ಅದನ್ನು ತಿಂದು ನನ್ನ ಕಣ್ಣೆದುರೇ ಒದ್ದಾಡಿ ಸತ್ತಿದ್ದವು. ಹಾಗಾಗಿ ಗುಡ್ಡೆಗೆ ಚೀಲ ಮುಚ್ಚಿಡುತ್ತಿದ್ದೆ. ಒಂದು ದಿನ ಮೇಕೆ ಗೋಡೆ ಹಾರಿ ಬಂದಾಗ ಅಟ್ಟಿಕೊಂಡು ಹೋಗಿ, ಅವಳಿಗೆ ಕೇಳಲೆಂದೇ ಕೂಗಿದೆ: “ಏ ಹಾಳು ಮೇಕೆ, ಅದು ವಿಷ, ತಿಂದ್ರೆ ಸಾಯ್ತೀಯ!”

ಅವಳು ಕೋಳಿಗೆ ಅಂದಳು, “ತಿಪ್ಪೆಗೆ ಹಾಕೋ ಸಿಪ್ಪೆ ಕೊಡಾಕೂ ಕೈ ಬರಲ್ಲ ನೋಡೇ. ವಿಷ ಅಂತೆ! ಅದೇ ಗೆಣಸಿನ ಹಪ್ಪಳ ಊರೆಲ್ಲ ತಿಂತೈತೆ.”

ಮರುದಿನ ನಾನು ಬಿಸಿಲಿಗೆ ಹಿಟ್ಟು ಹರಡುತ್ತಿದ್ದೆ. ತಿರುಗಿ ನೋಡಿದರೆ ಗುಡ್ಡೆಯ ಮೇಲಿನ ಚೀಲ ಸರಿದಿದೆ. ಅವಳು ಬುಟ್ಟಿ ತುಂಬ ನನ್ನ ಸಿಪ್ಪೆ ಒಯ್ದು ಮೇಕೆಯ ಮುಂದೆ ಇಳಿಸುತ್ತಿದ್ದಾಳೆ. ಹಾಡಹಗಲೇ ಕಳ್ಳತನ! ತಿನ್ನಿಸಲಿ, ಆಗಲಾದರೂ ಬುದ್ಧಿ ಬರಲಿ ಅನ್ನಿಸಿತು. ಆದರೂ ಅದು ವಿಷ ಅಂತ ಪೊರಕೆಗೆ ಹೇಳಿದೆ, ಗೋಡೆಗೆ ಹೇಳಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಮೇಕೆ ಕತ್ತು ಚಾಚಿತು. ಅದರ ಹೊಟ್ಟೆಯೊಳಗೆ ಮರಿ ಮಿಸುಕಿದ್ದು ಗೋಡೆಯ ಈಚೆಗೂ ಕಂಡಿತು.

“ಅಕ್ಕಾ! ನಿನಗೇ ಹೇಳ್ತಿರಾದು. ತಿನ್ನಿಸಬ್ಯಾಡ, ಸಾಯ್ತೈತೆ!”

ಅವಳು ಬುಟ್ಟಿಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. ನನ್ನನ್ನು ದಿಟ್ಟಿಸಿ ನೋಡಿದಳು. ಒಂದು ಒಳ್ಳೆಯ ಮಾತು ಬಂದೀತೆಂದು ನಾನೂ ಕಾದೆ, ಪೆದ್ದಿ.

ಅವಳು ಕೋಳಿಯ ಕಡೆ ಬಗ್ಗಿ ನಕ್ಕಳು. “ಕೇಳಿದ್ಯೇನೇ? ಮೊದ್ಲು ಮಾತಾಡಿದ್ದು ಅವಳೇ.”