ಕೆಸುವಿನ ಕೆಳಗಿನ ಬೆಳಕು ಕಾಯುವವಳು

ಕೋಳಿ ಕೂಗಿದೆ, ಊರು ಇನ್ನೂ ಎದ್ದಿಲ್ಲ. ಕೆಳಗಿನ ಫಗೌಲಿಯಿಂದ ಮೇಲಿನ ಉತಸಿನಕ್ಕೆ ಏರುವ ಗುಡ್ಡದ ದಾರಿಯ ಅಂಚಿನಲ್ಲಿ ಫೊಲೊಲೆ ಮೊಣಕಾಲೂರಿ ಕೂತು ಯಾರೋ ನೆಟ್ಟ ಕೆಸುವಿನ ಗಿಡವನ್ನು ಕೀಳುತ್ತಿದ್ದಾಳೆ. ಗುದ್ದಲಿಯಿಲ್ಲ, ಕೋಲಿಲ್ಲ, ಬರಿಗೈ. ಬುಡದ ಸುತ್ತ ಮಣ್ಣು ಸಡಿಲಿಸಿ, ಬೇರು ಹರಿಯದಂತೆ ಗಿಡ ಎತ್ತಿ ಪಕ್ಕಕ್ಕಿಡುತ್ತಾಳೆ. ಆಮೇಲೆ ಅದೇ ಗುಂಡಿಗೆ ಮೊಳಕೈವರೆಗೆ ಕೈ ಹಾಕಿ ತಡಕುತ್ತಾಳೆ. ಕಪ್ಪು ಕೇಬಲ್ ಕೈಗೆ ಸಿಗುತ್ತದೆ. ಉಗುರಿನಿಂದ ಅದರ ಮೈ ಸವರುತ್ತಾಳೆ. ಗಾಯವಿಲ್ಲ.

"ಇವತ್ತಿಗೆ ಬಚಾವು," ಅನ್ನುತ್ತಾಳೆ. ಕೇಳಿಸಿಕೊಳ್ಳಲು ಅಲ್ಲಿ ನರಪಿಳ್ಳೆ ಇಲ್ಲ.

ಕಿತ್ತ ಗಿಡವನ್ನು ಅವಳು ಎಸೆಯುವವಳಲ್ಲ. ನೆಟ್ಟವರ ಹಿತ್ತಲಿಗೇ ಒಯ್ದು, ಕಲ್ಲಿನ ಸಂದಿಗೆ ಬುಟ್ಟಿಯಲ್ಲಿ ತಂದ ಮಣ್ಣು ಸುರಿದು, ಅಲ್ಲಿ ನೆಟ್ಟು ಬರುತ್ತಾಳೆ. ಆದರೂ ಅವಳಿಗೆ ಊರು ಕಟ್ಟಿದ ಹೆಸರು ಕೆಸುಗಳ್ಳಿ.

"ಏ ಕೆಸುಗಳ್ಳಿ! ಇವತ್ತು ಯಾರ ಮನೆಗೆ ಕನ್ನ ಹಾಕ್ದೆ?" ದಾರಿ ಪಕ್ಕದ ಮನೆಯ ಮುದುಕ ಸೊಳ್ಳೆಪರದೆ ಎತ್ತಿ ಮಲಗಿದಲ್ಲಿಂದಲೇ ಕೂಗುತ್ತಾನೆ. ನಮ್ಮ ಮನೆಗಳಿಗೆ ಗೋಡೆಯಿಲ್ಲ, ನಾಲಿಗೆಗೂ ಇಲ್ಲ.

"ನಿನ್ನ ಮನೆಗೇ ಕಣಜ್ಜ. ಹಿತ್ತಲಿಗೆ ಹೋಗಿ ನೋಡ್ಕೋ."

"ಅಲ್ಲಿ ಬರೀ ಕಲ್ಲು, ಮಾರಾಯ್ತಿ."

"ಅದಕ್ಕೇ ಮಣ್ಣು ಹೊತ್ತು ತಂದಿದೀನಿ. ಇನ್ನು ನೀರಾದ್ರೂ ನೀನೇ ಹಾಕು, ಸೋಮಾರಿ."

ಸವಾಯಿ ದ್ವೀಪದ ಈ ಬಡಗಣ ದಂಡೆಯಲ್ಲಿ ಬೆಟ್ಟ ಕಾರಿದ ಬೆಂಕಿಯೇ ಆರಿ ನೆಲವಾಗಿದೆ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಅಂಥ ನೆಲವನ್ನು ಸುತ್ತಿಗೆಯಿಂದ ಒಡೆದು, ಮೇಲಿನ ಕಾಡಿನಿಂದ ಹೊತ್ತು ತಂದ ಮಣ್ಣು ತುಂಬಿ, ಅದರ ನಡುವೆ ಇಂಟರ್ನೆಟ್ಟನ್ನು ಬೆಳಕಾಗಿ ಒಯ್ಯುವ ಗಾಜಿನ ಎಳೆಯ ಕೇಬಲ್ ಮಲಗಿಸಿದರು. ಹಾಗೆ, ಇಡೀ ಕಲ್ಲುನಾಡಿನಲ್ಲಿ ಗೇಣಗಲದ ಒಂದೇ ಒಂದು ಮೆತ್ತನೆಯ ಗೆರೆ ಹುಟ್ಟಿತು. ಅಪ್ಪ ಅಜ್ಜನ ಕಾಲದಿಂದ ಚಿಟಿಕೆ ಮಣ್ಣಿಗೆ ಬಾಯಿ ಬಿಟ್ಟ ಜನ ಅದನ್ನು ಕಂಡು ಸುಮ್ಮನಿರುತ್ತಾರೆಯೇ? ಮೊದಲ ಮಳೆ ಬೀಳುತ್ತಲೇ ಗೆರೆಯ ಮೇಲೆ ಕೆಸು ಚಿಗುರಿತು. ಇಲ್ಲಿ ಕೆಸು ನೆಡುವುದು ಓಸೊ ಎಂಬ ಚೂಪು ಕೋಲಿನಿಂದ. ಎರಡೂ ಕೈಯಲ್ಲಿ ಹಿಡಿದು ಮೈಭಾರವೆಲ್ಲ ಹಾಕಿ ನೆಲಕ್ಕೆ ಚುಚ್ಚಬೇಕು. ಕೆಳಗೆ ಏನು ಮಲಗಿದೆ ಎಂದು ನೋಡಲು ಓಸೊಗೆ ಕಣ್ಣಿಲ್ಲ.

ಫೊಲೊಲೆಗೆ ಈಗ ಐವತ್ತು ದಾಟಿದೆ. ಹರೆಯವೆಲ್ಲ ಆಕ್ಲೆಂಡಿನ ಬೀದಿಗಳಲ್ಲಿ ಕೇಬಲ್ ಎಳೆಯುವ ತಂಡದ ಕೂಲಿಯಾಗಿ ಕಳೆಯಿತು. ಗಂಡ ಅಲ್ಲೇ ತೀರಿಕೊಂಡ. ಅವನ ಶವಪೆಟ್ಟಿಗೆಯ ಜೊತೆ ವಿಮಾನ ಹತ್ತಿ ಬಂದಳು, ಮನೆಯ ಮುಂದೆ ಮಣ್ಣು ಮಾಡಿದಳು, ಮತ್ತೆ ಹೋಗಲಿಲ್ಲ. ಮಕ್ಕಳಿಲ್ಲ. ಅತ್ತೆ, ನಾದಿನಿ, ಅವರ ಮಕ್ಕಳು ಎಂದು ಒಂದೇ ಚಾವಣಿಯ ಕೆಳಗೆ ಸಾಲಾಗಿ ಚಾಪೆ ಹಾಸುವ ಮನೆ ಅದು. ಒಂಟಿಯಾಗಿರಬೇಕೆಂದರೂ ಜಾಗವಿಲ್ಲ. ಆದರೂ ಅವಳು ಒಂಟಿ.

"ಮನೆ ತುಂಬ ಜನ, ನಿಜ. ಆದ್ರೆ ಬೆಳಕು ಸೋರ್ತಾ ಇದೆ ಅಂತ ಯಾರ ಹತ್ರ ಹೇಳ್ಲಿ?" ಎಂದು ಕೇಳುತ್ತಾಳೆ. "ಹೇಳಿದ್ರೆ, ಚಾವಣಿ ನೋಡ್ತಾರೆ."

ಊರಿಗೆ ಇಂಟರ್ನೆಟ್ ತರಲು ಹೊರಟವರು ಮಹಿಳಾ ಸಮಿತಿಯವರು. ಚಾಪೆ ಹೆಣೆದು ಮಾರಿ ಹಣ ಕೂಡಿಸಿದರು. ಏನು ಕೊಳ್ಳಬೇಕು, ಎಲ್ಲಿ ಉಳಿಸಬೇಕು ಎಂಬ ತಲೆನೋವನ್ನು ಫೊಲೊಲೆಯ ತಲೆಗೆ ಕಟ್ಟಿದರು. ರಾಜಧಾನಿ ಆಪಿಯಾದ ಅಂಗಡಿಯವ, ಕೇಬಲ್ಲಿಗೆ ಬೆಳಕು ಹಾಯಿಸುವ ಮಿಣಮಿಣ ದೀಪದ ಹೊಸ ಯಂತ್ರಗಳ ಚಿತ್ರ ತೋರಿಸಿದ. ಇವಳು ಹಳೆಯದೊಂದನ್ನು ಆರಿಸಿ ಚರ್ಚಿನ ಪಡಸಾಲೆಯಲ್ಲಿ ಕೂರಿಸಿದಳು. ದಾರಿಯುದ್ದಕ್ಕೂ ಕರೆಂಟು ಬೇಡದ ಸಣ್ಣ ಡಬ್ಬಿಗಳನ್ನು ಇಟ್ಟಳು. ಒಳಗೆ ಬಂದ ಬೆಳಕನ್ನು ಗಾಜೇ ಸೀಳಿ ಮನೆಮನೆಗೆ ಹಂಚುತ್ತದೆ. ಬಿರುಗಾಳಿಗೆ ಕಂಬಗಳೆಲ್ಲ ಮಲಗಿದರೂ ಆ ಡಬ್ಬಿಗಳಿಗೆ ಚಿಂತೆಯಿಲ್ಲ.

"ಪೆಟ್ಟಿಗೆ ಕೆಟ್ರೆ ಬದಲಾಯಿಸ್ಬೋದು. ನೆಲದೊಳಗಿನ ತಂತಿ ಕೆಟ್ರೆ ಮತ್ತೆ ಕಲ್ಲು ಒಡೀಬೇಕು. ಅದಕ್ಕೇ ಪೆಟ್ಟಿಗೇಲಿ ಜಿಪುಣಿಯಾಗು, ತಂತೀಲಿ ಧಾರಾಳಿಯಾಗು," ಎನ್ನುವುದು ಅವಳ ಲೆಕ್ಕಾಚಾರ.

ಈ ಲೆಕ್ಕಾಚಾರವನ್ನು ಅವಳೇ ಒಮ್ಮೆ ಮುರಿದಳು. ಊರೊಳಗೆ ಉಕ್ಕಿನ ಪಟ್ಟಿ ಸುತ್ತಿದ ಗಟ್ಟಿ ಕೇಬಲ್ ಹಾಕಿ ಮುಗಿಸುವಷ್ಟರಲ್ಲಿ ಹಣ ತಳ ಕಂಡಿತ್ತು. ಉತಸಿನಕ್ಕೆ ಏರುವ ಗುಡ್ಡದ ದಾರಿಗೆ ಪ್ಲಾಸ್ಟಿಕ್ ಹೊದಿಕೆಯ ಅಗ್ಗದ ಕೇಬಲ್ ಕೊಂಡಳು. ತುಂಡಾದ ಗಾಜನ್ನು ಕರಗಿಸಿ ಬೆಸೆಯುವ ಯಂತ್ರ ಕೊಳ್ಳುವ ಮಾತೇ ಇರಲಿಲ್ಲ. ಕೈಯಲ್ಲೇ ಒತ್ತಿ ಕೂಡಿಸುವ ಕ್ಲಿಪ್ಪುಗಳಿಂದ ಸುಧಾರಿಸಿಕೊಂಡಳು. ಅಂಥ ಒಂದೊಂದು ಗಂಟಿನಲ್ಲೂ ಚೂರು ಬೆಳಕು ಸೋರುತ್ತದೆ.

"ಗುಡ್ಡದ ದಾರೀಲಿ ಹಂದಿನೂ ಓಡಾಡಲ್ಲ, ಯಾರು ಅಗೀತಾರೆ ಅಂದ್ಕೊಂಡೆ. ಅದು ಆಕ್ಲೆಂಡಿನ ಬುದ್ಧಿ. ಅಲ್ಲಿ ಮಣ್ಣು ಕಂಡ್ರೆ ಹುಲ್ಲು ಹಾಕ್ತಾರೆ. ಇಲ್ಲಿ ಕೆಸು ಹಾಕ್ತಾರೆ ಅನ್ನೋದು ಇದೇ ಕಲ್ಲಿನ ಮೇಲೆ ಹುಟ್ಟಿದ ನನಗೇ ಮರೆತುಹೋಯ್ತಲ್ಲ!"

ಮೊದಲ ಓಸೊ ಚುಚ್ಚಿ ಆ ಕೇಬಲ್ ತುಂಡು ಮಾಡಿದವನು ಅವಳ ಒಡಹುಟ್ಟಿದ ಅಣ್ಣ ಪೌನಿಯು. ಗುಡ್ಡದ ತುದಿಯ ಉತಸಿನದಲ್ಲಿ, ಸಾಲಿನ ಕಟ್ಟಕಡೆಯ ಮನೆ ಅವನದೇ. ತಂಗಿಯ ಮೇಲೆ ದನಿ ಎತ್ತುವ ಅಣ್ಣನನ್ನು ನಮ್ಮಲ್ಲಿ ಮನುಷ್ಯ ಎನ್ನುವುದಿಲ್ಲ. ತಂಗಿಯೂ ಅಣ್ಣನ ತಪ್ಪನ್ನು ನಾಲ್ಕು ಜನರ ಮುಂದೆ ಆಡುವಂತಿಲ್ಲ. ಆದ್ದರಿಂದ ಜಗಳವೇ ಆಗಲಿಲ್ಲ. ಆಗಿದ್ದರೆ ಮುಂದಿನ ಭಾನುವಾರದ ಊಟದ ಹೊತ್ತಿಗೆ ಮುಗಿದುಹೋಗುತ್ತಿತ್ತು. ಮರ್ಯಾದೆ ಎಂಬ ದೊಡ್ಡ ಬಂಡೆ ನಡುವೆ ಬಿದ್ದು, ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಯಿತು. ಅವನು ನಾಚಿಕೆಗೆ ಬಾರ, ಇವಳು ನಾಚಿಕೆಗೆ ಹೋಗಳು. ಅವನ ಹೆಂಡತಿ ಸಿಯೆನಿ ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಸುತ್ತಿ ಬೇಯಿಸಿದ ಪಲುಸಾಮಿಯನ್ನು ಭಾನುವಾರ ತಂದು ಕೊಡುತ್ತಾಳೆ. ಜೊತೆಗೆ ಅಣ್ಣನ ಒಂದು ಮಾತೂ ಬರುವುದಿಲ್ಲ.

ಆ ಕಟ್ಟಕಡೆಯ ಮನೆಯಲ್ಲಿ ಪೌನಿಯುವಿನ ಮಗಳು ತಲಿಗಿ ಇದ್ದಾಳೆ. ಇಪ್ಪತ್ತಾರರ ಹೆಂಗಸು, ಹುಟ್ಟುಕಿವುಡಿ. ಆಪಿಯಾದ ಶಾಲೆಯಲ್ಲಿ ಕೈಭಾಷೆ ಕಲಿತಳು. ಉತಸಿನದಲ್ಲಿ ಅದು ಇನ್ನೊಬ್ಬರಿಗೆ ಬಾರದು. ಬಾ, ಹೋಗು, ಉಣ್ಣು ಎಂದು ತೋರಿಸುವುದನ್ನೇ ಮನೆಯವರು ಮಾತು ಎಂದುಕೊಂಡಿದ್ದಾರೆ. ಅವಳ ನಿಜವಾದ ಮಾತೆಲ್ಲ ಸಂಜೆ, ಪರದೆಯ ಮೇಲೆ, ಆಪಿಯಾದ ಹಳೆಯ ಗೆಳತಿಯರ ಜೊತೆ. ಮೊಬೈಲಿನ ಬಡಕಲು ಸಿಗ್ನಲ್ಲಿನಲ್ಲಿ ದನಿ ಹೇಗೋ ದಾಟುತ್ತದೆ, ಕೈ ದಾಟುವುದಿಲ್ಲ. ಚಿತ್ರ ತಡೆತಡೆದು ಬಂದರೆ ಬೆರಳು ಗಾಳಿಯಲ್ಲೇ ನಿಂತುಬಿಡುತ್ತದೆ.

ಕೇಬಲ್ ಐದು ಕಡೆ ತುಂಡಾಗಿದೆ, ಐದು ಕಡೆಯೂ ಫೊಲೊಲೆ ಕ್ಲಿಪ್ಪು ಹಾಕಿದ್ದಾಳೆ. ಬೆಳಕು ಅಳೆಯುವ ಅವಳ ಮೀಟರು ಹೇಳುವುದು ಇಷ್ಟೇ: ಇನ್ನೊಂದು ಗಂಟು ಬಿದ್ದರೆ ಕಡೆಯ ಮನೆಗೆ ಬೆಳಕು ಮುಟ್ಟುವುದಿಲ್ಲ. ಬೇರೆಯವರಿಗೆ ಏನೂ ಆಗದು. ತಲಿಗಿಯೊಬ್ಬಳ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಮುಂಜಾವದ ಕಳ್ಳತನ.

ಈ ವರ್ಷ ಸಮಿತಿಯ ಕೈಯಲ್ಲಿ ಮತ್ತೆ ನಾಲ್ಕು ಕಾಸು ಕೂಡಿತು. ಉಕ್ಕಿನ ಕೇಬಲ್ ಗುಡ್ಡದ ದಾರಿಯ ಅರ್ಧಕ್ಕೆ ಸಾಲುತ್ತದೆ. ಯಾವ ಅರ್ಧ? ಸಭೆಯಲ್ಲಿ ಚಾಪೆಯ ಮೇಲೆ ಕೋಕೋ ಬಟ್ಟಲು ಹಿಡಿದು ಕೂತ ಅಧ್ಯಕ್ಷೆ ಉಸುಇಯಾ ಮಾತನ್ನು ಸುತ್ತಿ ಬಳಸಿ ಆಡುವವಳಲ್ಲ.

"ಕೆಳಗಿಂದ ಶುರು ಮಾಡು. ಚಾಪೆ ಹೆಣೆದೋರು ಕೆಳಗಿನೋರು."

"ಮೇಲಿಂದ ಮಾಡ್ತೀನಿ," ಎಂದಳು ಫೊಲೊಲೆ.

"ಅಣ್ಣನ ಮನೆಯಿಂದ ಅನ್ನು!"

ಹೆಂಗಸರೆಲ್ಲ ನಕ್ಕರು.

"ಹೌದು, ಅಣ್ಣನ ಮನೆಯಿಂದಲೇ. ಐದು ಗಂಟೂ ಆ ಕಡೆನೇ ಇವೆ. ಆ ತುಂಡು ತೆಗೆದ್ರೆ ಸೋರೋದು ನಿಲ್ಲುತ್ತೆ. ಕೆಳಗೆ ಹಾಕಿದ್ರೆ ಗಂಟು ಗಂಟಾಗೇ ಇರುತ್ತೆ. ನಂಬಿಕೆ ಇಲ್ಲ ಅಂದ್ರೆ ಬನ್ನಿ, ಮೀಟರು ತೋರಿಸ್ತೀನಿ."

ಯಾರೂ ಏಳಲಿಲ್ಲ. ಉಸುಇಯಾ ಬಟ್ಟಲು ಕೆಳಗಿಟ್ಟಳು. "ತಗೋ, ಕೇಬಲ್ ತಗೋ. ಅಗೆಯೋಕೆ ಮಾತ್ರ ನಮ್ಮನ್ನ ಕರೀಬೇಡ. ನಿಮ್ಮಣ್ಣನ್ನ ಕರಿ."

ಕರೆಯಲಾಗದು ಎಂದು ಗೊತ್ತಿದ್ದೇ ಆಡಿದ ಮಾತು ಅದು. ಹತ್ತು ಜನ ಒಟ್ಟಿಗೆ ಹಾಡಿಕೊಂಡು ಮಾಡುವ ಕೆಲಸವನ್ನು ಒಬ್ಬಳ ಬೆನ್ನಿಗೆ ಕಟ್ಟಿ ಎಲ್ಲರೂ ಚಾಪೆ ಹೆಣೆಯಲು ಹೋದರು. ನಾಚಿಕೆಯಾಗಬೇಕು.

ಫೊಲೊಲೆ ಒಬ್ಬಳೇ ಅಗೆಯುತ್ತಾಳೆ. ಮೇಲಿನಿಂದ ಕೆಳಕ್ಕೆ, ಹಳೆಯ ಮಣ್ಣು ಬಗೆದು, ಉಕ್ಕಿನ ಕೇಬಲ್ ಇಳಿಸಿ, ಮತ್ತೆ ಮುಚ್ಚುತ್ತಾಳೆ. ಮಧ್ಯಾಹ್ನ ದೀವಿಹಲಸಿನ ಮರದ ಬುಡದಲ್ಲಿ ಕೂತು, ಸುಟ್ಟ ಬಾಳೆಕಾಯಿ ತಿಂದು, ಕೇಬಲ್ಲಿನ ಸುರುಳಿಗೆ ಒರಗುತ್ತಾಳೆ. "ಬಾಯಿ ಒಣಗುತ್ತೆ. ಬಾಯಾರಿಕೆ ಅಲ್ಲ, ಮಾತಾಡ್ದೆ," ಎನ್ನುತ್ತಾಳೆ.

ಅದೇ ದಿನಗಳಲ್ಲಿ ಗುಡ್ಡದ ಬುಡದಲ್ಲಿ ಇನ್ನೊಂದು ಸುದ್ದಿ ಹಬ್ಬುತ್ತದೆ. ಪೌನಿಯು ಕುದುರೆಯ ಎರಡೂ ಮಗ್ಗುಲಿಗೆ ಚೀಲ ಕಟ್ಟಿ ಕಡಲಂಚಿನಿಂದ ಬಿಳಿ ಹವಳದ ಕಲ್ಲು ತರುತ್ತಿದ್ದಾನೆ. ಹೊಸ ಕೇಬಲ್ ಸಾಲದ ಕೆಳಗಿನ ಅರ್ಧದಲ್ಲಿ, ಆ ಮೆತ್ತನೆಯ ಗೆರೆಯ ಮೇಲೆ ಉದ್ದಕ್ಕೂ ಹಾಸುತ್ತಿದ್ದಾನೆ. ನಮ್ಮಲ್ಲಿ ಹಾಗೆ ಬಿಳಿ ಹವಳ ಹಾಸುವುದು ಗೋರಿಯ ಮೇಲೆ. ಗೋರಿಗೆ ಓಸೊ ಚುಚ್ಚುವ ಪಾಪಿ ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ.

"ಏನೋ ಪೌನಿಯು, ಯಾರೋ ಸತ್ತಿದ್ದು? ಇಷ್ಟುದ್ದ ಯಾರಿದ್ರೋ ನಿಮ್ಮ ಮನೇಲಿ?" ಎಂದು ಸೊಳ್ಳೆಪರದೆಯ ಮುದುಕನೇ ಕೆಣಕುತ್ತಾನೆ.

"ಯಾರೂ ಸತ್ತಿಲ್ಲ. ಸಾಯ್ಬಾರ್ದು ಅಂತ್ಲೇ ಹಾಕ್ತಿರೋದು. ನೀನು ಬೇಗ ಹೋಗೋದಾದ್ರೆ ಹೇಳು, ನಿನಗೂ ಒಂದು ಚೀಲ ಎತ್ತಿಡ್ತೀನಿ."

ತಂಗಿ ಮೇಲೆ, ಅಣ್ಣ ಕೆಳಗೆ. ಒಂದೇ ಗೆರೆ, ಒಂದೇ ವಾರ. ಅವಳು ಇಳಿದು ಬರುವ ಹೊತ್ತಿಗೆ ಅವನು ಕುದುರೆ ತಿರುಗಿಸಿ ಬೇರೆ ದಾರಿ ಹಿಡಿದಿರುತ್ತಾನೆ. ಸಾಲಾಗಿ ಬೆಳ್ಳಗೆ ಹೊಳೆಯುವ ಕಲ್ಲುಗಳ ಪಕ್ಕದಲ್ಲಿ ಅವಳು ಒಂದಿಷ್ಟು ಹೊತ್ತು ನಿಲ್ಲುತ್ತಾಳೆ. ಓರೆಯಾದ ಒಂದನ್ನು ಕಾಲಿನಿಂದ ಸರಿಮಾಡಿ ಮನೆಗೆ ಹೋಗುತ್ತಾಳೆ.

ಕೇಬಲ್ ಕೂಡಿಸಿದ ಸಂಜೆ ಮೀಟರು ಹಿಡಿದು ಉತಸಿನಕ್ಕೆ ಏರುತ್ತಾಳೆ. ಪೌನಿಯು ಮನೆಯಲ್ಲಿಲ್ಲ, ಕುದುರೆ ಮೇಯಿಸುವ ನೆಪ. ಸಿಯೆನಿ ಒಳಗೆ ಕರೆಯುತ್ತಾಳೆ. ಮೈಯೆಲ್ಲ ಮಣ್ಣು ಎಂದು ಇವಳು ಹೊರಗಿನ ಕಂಬಕ್ಕೆ ಒರಗಿ ನಿಲ್ಲುತ್ತಾಳೆ. ಒಳಗೆ ತಲಿಗಿ ಪರದೆಯ ಮುಂದೆ ಕೂತಿದ್ದಾಳೆ. ಅವಳ ಕೈಗಳು ಹಾರುತ್ತವೆ, ಬಡಿಯುತ್ತವೆ, ಯಾರನ್ನೋ ಅಣಕಿಸುತ್ತವೆ. ಪರದೆಯಾಚೆಯ ಹೆಂಗಸು ಹೊಟ್ಟೆ ಹಿಡಿದು ನಗುತ್ತಾಳೆ. ತಲಿಗಿಯೂ ದನಿಯಿಲ್ಲದೆ ಬಿದ್ದು ಬಿದ್ದು ನಗುತ್ತಾಳೆ. ಕಂಬದ ಬಳಿ ನಿಂತವಳ ಕಡೆ ಅವಳ ಕಣ್ಣು ಹೊರಳುವುದೇ ಇಲ್ಲ.

ಏನು ಮಾತಾಡಿದಳು ತಲಿಗಿ ಎಂದು ಕೇಳಿದರೆ ಫೊಲೊಲೆ ಅಂಗೈಯ ಮಣ್ಣು ಉದುರಿಸುತ್ತಾಳೆ.

"ನನಗೇನು ಗೊತ್ತು? ಒಂದಕ್ಷರ ಅರ್ಥ ಆಗಲ್ಲ ನನಗೆ. ನನ್ನನ್ನೇ ಬೈದಿದ್ರೂ ಬೈದಿರಬೋದು. ಆದ್ರೆ ಕತ್ತಲಾಗೋವರೆಗೆ ನೋಡ್ತಾ ನಿಂತೆ. ಪರದೆ ಆ ಕಡೆಯೋಳದ್ದು ಒಂದೇ ಒಂದು ಬೆರಳು, ಒಂದು ಸಲ ಕೂಡ, ಗಾಳೀಲಿ ನಿಲ್ಲಲಿಲ್ಲ."