ಅಪ್ರದಕ್ಷಿಣೆಯ ಅಲಸಂಡೆ

ನರಿಕೊಂಬಿನ ಸುಂದರಿ ಹುಟ್ಟಾ ಎಡಚಿ. ಮದುವೆಯಾಗಿ ಬಂದ ಹೊಸತರಲ್ಲಿ ಎಡಗೈಯಲ್ಲಿ ಗಂಜಿ ಬಡಿಸಿದಳೆಂದು ಅತ್ತೆ ಕಾಯಿಸಿದ ಸೌಟನ್ನು ಆ ಕೈಯ ಮೇಲಿಟ್ಟಿದ್ದರು. ಗಂಡ ಪದ್ಮಯ್ಯ ಅಲ್ಲೇ ಉಣ್ಣುತ್ತಿದ್ದ. ಉಂಡು ಮುಗಿಸಿಯೇ ಎದ್ದ, ಪುಣ್ಯಾತ್ಮ. ಅಂದಿನಿಂದ ಸುಂದರಿ ಬಲಗೈಯವಳಾದಳು. ಅತ್ತೆ ಹೋಗಿ ಎಷ್ಟೋ ವರ್ಷವಾಗಿದೆ, ಕಲೆ ಮಾತ್ರ ಹಾಗೆಯೇ ಇದೆ.

ಮನೆಯ ಹಿಂದಿನ ಅಲಸಂಡೆ ಸಾಲಿನಲ್ಲಿ ನೋಡುವವರಿರಲಿಲ್ಲ. ಅಲ್ಲಿ ಅವಳು ಎಡಗೈಯನ್ನು ಅದರ ಪಾಡಿಗೆ ಬಿಡುತ್ತಿದ್ದಳು. ಅಲಸಂಡೆಯ ಕುಡಿ ಗಾಳಿಯಲ್ಲಿ ನಿಧಾನವಾಗಿ ಸುತ್ತುತ್ತಾ ಆಸರೆ ಹುಡುಕುತ್ತದೆ. ಕೋಲು ತಗುಲಿತೋ, ಅದೇ ಸುತ್ತನ್ನು ಕೋಲಿನ ಮೇಲೆ ಮುಂದುವರಿಸಿ, ಬಿಗಿದು ಹಿಡಿದು ಮೇಲೇರುತ್ತದೆ. ಕೋಲು ತೀರಾ ದಪ್ಪವಾದರೆ ಹಿಡಿತ ಸಿಗದೆ ಜಾರುತ್ತದೆ. ಅದಕ್ಕೇ ಸುಂದರಿ ಸಣ್ಣ ಕೋಲುಗಳನ್ನೇ ಆರಿಸಿ ನೆಡುತ್ತಿದ್ದಳು. ದಾರಿ ತಪ್ಪಿದ ಕುಡಿಯನ್ನು ಮೆಲ್ಲಗೆ ಕೋಲಿಗೆ ತಾಗಿಸಿ ಬಿಟ್ಟರೆ ಸಾಕು, ಉಳಿದದ್ದು ಬಳ್ಳಿಯ ಕೆಲಸ.

ಈ ವರ್ಷ ಮೊಮ್ಮಗಳು ವಿಸ್ಮಿತಾ ಅವಳ ಬಳಿಯೇ ಇದ್ದಳು. ಮಗ ದುಬೈಯಲ್ಲಿ, ಸೊಸೆ ದೀಪಶ್ರೀ ಮೂಡುಬಿದಿರೆಯಲ್ಲಿ ನರ್ಸ್, ಬರುವುದು ಭಾನುವಾರ ಮಾತ್ರ. ಮಗುವೂ ಎಡಚಿ.

"ಅತ್ತೆ, ಇವಳ ಕೈ ಯಾರೂ ಕಟ್ಟಬಾರದು. ನೀವು ನನಗೆ ಮಾತು ಕೊಡಬೇಕು," ಎಂದಿದ್ದಳು ದೀಪಶ್ರೀ, ಅತ್ತೆಯ ಕಲೆಯನ್ನು ನೋಡುತ್ತಾ. ಸುಂದರಿ ಮಾತು ಕೊಟ್ಟಿದ್ದಳು. ಆದರೆ ವಿಜಯದಶಮಿಗೆ ಮಗುವಿನ ಕೈಯಲ್ಲಿ ಅಕ್ಕಿಯ ಮೇಲೆ ಅಕ್ಷರ ಬರೆಸುವುದಿತ್ತು. ನಾಲ್ಕು ಜನರ ಮುಂದೆ ಅದು ಎಡಗೈ ಚಾಚಿದರೆ ತನ್ನ ಮರ್ಯಾದೆಯ ಗತಿಯೇನು ಎಂದು ಪದ್ಮಯ್ಯನಿಗೆ ನಿದ್ದೆಯಿರಲಿಲ್ಲ.

ಅಂಥ ಹೊತ್ತಿನಲ್ಲೇ ಅವನು ದಾಸವಾಳ ಕೊಯ್ಯಲು ಹಿತ್ತಿಲಿಗೆ ಬಂದದ್ದು. ಅಲಸಂಡೆಯ ಎದುರು ನಿಂತ. ಬಳ್ಳಿ ಹೋದ ದಾರಿಯಲ್ಲೇ ತಾನೂ ಕೋಲಿಗೊಂದು ಸುತ್ತು ಬಂದ. ದೇವರಿಗೆ ಸುತ್ತು ಬರುವಾಗ ದೇವರು ನಮ್ಮ ಬಲಕ್ಕಿರುತ್ತಾನೆ. ಇಲ್ಲಿ ಕೋಲು ಅವನ ಎಡಕ್ಕೇ ಉಳಿಯಿತು. ಪಕ್ಕದ ಬಳ್ಳಿ ನೋಡಿದ. ಅದೂ ಹಾಗೆಯೇ.

"ಇದು ಹೆಣಕ್ಕೆ ಬರುವ ಸುತ್ತು! ನಿನ್ನ ದರಿದ್ರ ಎಡಗೈಯಲ್ಲಿ ಸುತ್ತಿದ್ದಲ್ವಾ?"

"ನಾನು ಸುತ್ತಿದ್ದಲ್ಲ. ಎಲ್ಲರ ಮನೆಯ ಅಲಸಂಡೆಯೂ ಹೀಗೇ ಹೋಗುದು."

"ನನಗೆ ಕಲಿಸ್ಲಿಕ್ಕೆ ಬರ್ಬೇಡ. ಬಿಚ್ಚು ಎಲ್ಲ. ಬಲಕ್ಕೆ ಸುತ್ತು. ನಾನು ಇಲ್ಲೇ ಕೂರ್ತೇನೆ."

ಕೂತೇಬಿಟ್ಟ. ಸುಂದರಿ ಬಲಗೈಯಲ್ಲಿ ಬಿಚ್ಚಿದಳು. ಕೋಲನ್ನು ಬಿಗಿದಿದ್ದ ಬಳ್ಳಿಗಳಲ್ಲಿ ಕೆಲವು ಕತ್ತಿನಲ್ಲೇ ಮುರಿದವು. ಉಳಿದವನ್ನು ತಿರುವಿ ಸುತ್ತಿ, ನೆನೆಸಿದ ಬಾಳೆನಾರಿನಲ್ಲಿ ಕಟ್ಟಿದಳು.

ಬಳ್ಳಿಗೆ ಪ್ರದಕ್ಷಿಣೆ ಗೊತ್ತಿಲ್ಲ. ನಾಲ್ಕು ದಿನದಲ್ಲಿ ಎಳೆಯ ತುದಿಗಳು ತಿರುಗಿ ಹಳೆಯ ದಾರಿಯನ್ನೇ ಹಿಡಿದವು. ಹಿಂದುಮುಂದಾದ ಸುತ್ತುಗಳು ಸಡಿಲಗೊಂಡು ಬುಡಕ್ಕೆ ಜಾರಿದವು, ಹೂವು ಉದುರಿತು. ಪದ್ಮಯ್ಯ ಅದನ್ನು ನೋಡಿ ಉರಿದುಬಿದ್ದ.

"ನಾನು ಬಂಟ್ವಾಳ ಪೇಟೆಗೆ ಹೋದಾಗ ಬಿಚ್ಚಿದ್ದು ನೀನು! ಆ ಮಗುವನ್ನು ಹಾಳು ಮಾಡಿದ್ದೂ ನೀನೇ. ಇನ್ನು ಅದನ್ನು ನಿನ್ನ ಹತ್ತಿರ ಬಿಡುದಿಲ್ಲ, ದೀಪಶ್ರೀ ಬಂದ ಕೂಡಲೇ ಕಳಿಸ್ತೇನೆ. ಬೇಡ ಅಂತಾದ್ರೆ ಅದರ ಕೈ ನೀನೇ ಕಟ್ಟು. ಈಗ, ನನ್ನ ಮುಂದೆ," ಎಂದು ಅಲ್ಲೇ ಕೂತ.

ಸುಂದರಿಗೆ ಎದೆ ಒಡೆದುಹೋಯಿತು. ಮಗುವಿಲ್ಲದ ಆ ಮನೆಯಲ್ಲಿ ಇವನೊಬ್ಬನ ಜೊತೆ ಹೇಗಿರುವುದು? ಕೊಟ್ಟ ಮಾತು ನೆನಪಿತ್ತು, ಚೆನ್ನಾಗಿಯೇ ನೆನಪಿತ್ತು. ಬಕೆಟಿನಲ್ಲಿ ಉಳಿದಿದ್ದ ನಾರನ್ನೆತ್ತಿ, ಪಕ್ಕದಲ್ಲೇ ನಿಂತಿದ್ದ ವಿಸ್ಮಿತಾಳ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿದಳು. ಬಲಗೈಯಲ್ಲಿ ಹಾಕಿದ ಗಂಟು ಎರಡು ಸಲ ಜಾರಿ, ಮೂರನೆಯದಕ್ಕೆ ಸರಿಯಾಗಿ ಬಿತ್ತು.

ಮಗು ಅಳಲಿಲ್ಲ. ಬಗ್ಗಿ ಗಂಟನ್ನು ನೋಡಿತು, ಅಜ್ಜಿಯನ್ನು ನೋಡಿತು, ಅದರ ಮುಖ ಅರಳಿತು.

"ಅಜ್ಜಿ, ನೀವು ಎಡಗೈಯಲ್ಲಿ ಗಂಟು ಹಾಕಿದ್ದು! ನೀವೂ ನನ್ನ ಹಾಗೇನಾ?"

ಪದ್ಮಯ್ಯ ಕೂತಲ್ಲಿಂದ ಎದ್ದ.

"ನಾರು ಇನ್ನೂ ಉಂಟಲ್ಲ?" ಎಂದು ಕೇಳಿದ.

ಇತ್ತು. ಸುಂದರಿ ಅದನ್ನು ಬಲಗೈಯಲ್ಲಿ ತೆಗೆದು ಅವನಿಗೆ ಕೊಟ್ಟು, ಎಡಗೈಯನ್ನು ಮುಂದೆ ಚಾಚಿದಳು.