ಕಟ್ಟಿಗೆ ಕೋಣೆಯನ್ನು ಸೌನಾ ಮಾಡಿಕೊಂಡ ಬಗ್ಗೆ

ಮಾನ್ಯ ಓದುಗರಲ್ಲಿ,

ನನ್ನ ಕಾಗುಣಿತದಲ್ಲಿ ತಪ್ಪುಗಳಿರುವುದನ್ನೂ, ಅಕ್ಷರಗಳು ಒಂದರ ಮೇಲೊಂದು ಬಿದ್ದಿರುವುದನ್ನೂ ಮೊದಲೇ ಒಪ್ಪಿಕೊಂಡು ಕ್ಷಮೆ ಕೋರುತ್ತೇನೆ. ಕಾರವಾರದ ಒಂದು ಕಚೇರಿಯಲ್ಲಿ ನಾನು ಜವಾನನಾಗಿದ್ದು, ಇಷ್ಟು ವರ್ಷ ಇತರರು ಬರೆದ ಪತ್ರಗಳನ್ನು ಮೇಜಿನಿಂದ ಮೇಜಿಗೆ ಒಯ್ದಿರುತ್ತೇನೆಯೇ ಹೊರತು ಸ್ವಂತವಾಗಿ ಏನನ್ನೂ ಬರೆದವನಲ್ಲ. ನನಗೆ ಪರಿಚಯವಿರುವ ಬರವಣಿಗೆ ಆ ಪತ್ರಗಳದ್ದೊಂದೇ. ಆದ್ದರಿಂದ ಅದೇ ರೀತಿಯಲ್ಲಿ, ಅವರ್ಸಾದ ನಮ್ಮ ಮನೆಯಲ್ಲಿ ಸೌನಾ ಮಾಡಿಕೊಂಡ ಸಂಗತಿಯನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಸೌನಾ ಎಂದರೆ ಹೀಟರಿನ ಮೇಲೆ ಕಲ್ಲು ಕಾಯಿಸಿ, ಅದಕ್ಕೆ ಆಗಾಗ ನೀರು ಚಿಮುಕಿಸುತ್ತ, ಮರದ ಕೋಣೆಯೊಳಗೆ ಕುಳಿತು ಬೆವರುವುದು.

ಇದಕ್ಕೆ ಕಾರಣ ನನ್ನ ಹೆಂಡತಿಯ ಬಲಭುಜ. ಅವಳು ಮಳೆಗಾಲದಲ್ಲಿ ಗದ್ದೆ ನಟ್ಟಿಗೆ, ಉಳಿದ ಕಾಲದಲ್ಲಿ ಮೀನು ಒಣಗಿಸುವ ಅಂಗಳಕ್ಕೆ ಕೂಲಿಗೆ ಹೋಗುವವಳು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಭುಜ ಹಿಡಿದುಕೊಂಡು, ಕೈ ಎದೆಮಟ್ಟಕ್ಕಿಂತ ಮೇಲೆ ಏರದಾಯಿತು. ತುರುಬು ಕಟ್ಟಿಕೊಳ್ಳಲು ಸಹ ಆಗುತ್ತಿರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ನಾನೇ ಕಟ್ಟಿಕೊಡುತ್ತಿದ್ದೆ.

"ಇದೆಂತ ಕಟ್ಟಿದ್ರಿ? ಹುಲ್ಲಿನ ಹೊರೆಯಾ?" ಎಂದು ಕೇಳಿ ನಗುತ್ತಿದ್ದಳು. ಆದರೆ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದಳು.

ಚೆನ್ನಾಗಿ ಶಾಖ ಕೊಟ್ಟು, ಆ ಬಿಸಿ ಆರುವ ಮೊದಲು ಕೈಯನ್ನು ದಿನವೂ ಸ್ವಲ್ಪ ಸ್ವಲ್ಪವೇ ಎತ್ತಬೇಕೆಂದು ವೈದ್ಯರು ತಿಳಿಸಿದ್ದರು. ಬಿಸಿನೀರಿನ ಚೀಲ ಇಟ್ಟರೆ ಅದರ ಅಡಿಯ ಜಾಗ ಮಾತ್ರ ಬಿಸಿಯಾಗಿ, ಕೈ ಎತ್ತುವಷ್ಟರಲ್ಲಿ ಮತ್ತೆ ಬಿಗಿಯುತ್ತಿತ್ತು. ಹೀಗಿರುವಾಗ ಕಚೇರಿಯ ಅತಿಥಿಗಳಿಗೆ ಕೋಣೆ ಗೊತ್ತುಮಾಡಲು ಕಾರವಾರದ ಒಂದು ವಸತಿಗೃಹಕ್ಕೆ ಹೋಗಿದ್ದೆನು. ಅಲ್ಲಿಯ ಸೌನಾದ ಸಣ್ಣ ಹೀಟರನ್ನು ತೆಗೆದು ದೊಡ್ಡದನ್ನು ಕೂಡಿಸುತ್ತಿದ್ದರು. ಹಳೆಯದನ್ನು ನನಗೆ ಮಾರಬೇಕೆಂದು ವ್ಯವಸ್ಥಾಪಕರಲ್ಲಿ ವಿನಂತಿಸಿದೆ. ಅವರು ನನ್ನ ಖಾಕಿ ಅಂಗಿಯನ್ನು ನೋಡಿದರು, ನಂತರ ಕೊಟ್ಟರು. ವೈದ್ಯರನ್ನು ಮತ್ತೊಮ್ಮೆ ಕಂಡು, ಸ್ವಲ್ಪ ಹೊತ್ತು ಮಾತ್ರ ಕೂರಬಹುದೆಂಬ ಒಪ್ಪಿಗೆಯನ್ನೂ ಪಡೆದೆ.

ಹೀಟರನ್ನು ಆಟೋದಿಂದ ಇಳಿಸುವುದನ್ನು ಕಂಡು ಪಕ್ಕದ ಮನೆಯ ಹಿರಿಯರು ಬೇಲಿಯ ಹತ್ತಿರ ಬಂದರು.

"ಅವರ್ಸಾದಲ್ಲಿ ಬೆವರೂಕೆ ಮಿಷನ್ ಬೇಕನಾ ತಮಾ? ಮೇ ತಿಂಗಳಲ್ಲಿ ನಮ್ಮನೆ ಅಟ್ಟಕ್ಕೆ ಬಾ. ಪುಕ್ಕಟೆ ಕೂರಿಸ್ತೆ."

ಸದರಿ ಹೀಟರನ್ನು ಹಿತ್ತಿಲಿಗೆ ಹೊತ್ತೊಯ್ದೆ. ಗ್ಯಾಸ್ ಬಂದ ಮೇಲೆ ಬರಿದಾಗಿದ್ದ ಹಿತ್ತಿಲ ಕಟ್ಟಿಗೆ ಕೋಣೆಯನ್ನು ಗುಡಿಸಿದೆ. ಅಂಕೋಲೆಯ ವಿದ್ಯುತ್ ಕೆಲಸದವರು ಬಂದು ಹೀಟರಿಗೆ ಪ್ರತ್ಯೇಕ ತಂತಿ ಎಳೆದುಕೊಟ್ಟರು. ಗೋಡೆಗೂ ಪೀಠಕ್ಕೂ ನಾನು ಆರಿಸಿದ್ದು ಹಳೆಯ ಹಲಸಿನ ಹಲಗೆಗಳನ್ನು. ಹೊಸ ಮರ ಕಾದರೆ ಮೇಣ ಬಿಡುತ್ತದೆ. ಇವುಗಳಿಗೆ ಮೇಣ ಬಿಡುವ ವಯಸ್ಸು ಎಂದೋ ದಾಟಿತ್ತು. ಮೊಳೆಯ ತಲೆ ಕಾದರೆ ತೊಡೆಗೆ ಬರೆ ಬೀಳುವುದರಿಂದ, ದೋಣಿ ರಿಪೇರಿ ಮಾಡುವ ಬಡಗಿಯೊಬ್ಬರಿಂದ ಪೀಠಕ್ಕೆ ಮರದ ಬೆಣೆಗಳನ್ನೇ ಹೊಡೆಸಿದೆ. ವಸತಿಗೃಹದಲ್ಲಿ ಪಳಪಳ ಹೊಳೆಯುವ ಸ್ಟೀಲಿನ ಸೌಟು ಕಂಡಿದ್ದೆ. ಅದರ ಬದಲು ಬಿದಿರಿನ ಹಿಡಿಯ, ತೆಂಗಿನ ಕರಟದ ಸೌಟನ್ನು ಅಡಿಗೆಮನೆಯಿಂದ ತಂದಿಟ್ಟೆ. ಎಷ್ಟು ಬಿಸಿಯಲ್ಲಿಟ್ಟರೂ ಅದು ಕೈ ಸುಡುವುದಿಲ್ಲ. ಈ ಆಯ್ಕೆಗಳೆಲ್ಲವೂ ನನ್ನವೆಂದು ಹೆಮ್ಮೆಯಿಂದ ನಮೂದಿಸುತ್ತೇನೆ.

ಕಲ್ಲಿನ ವಿಷಯದಲ್ಲಿ ಮಾತ್ರ ಎಡವಿದೆ. ಹೀಟರಿನ ಜೊತೆಗಿದ್ದ ಕಲ್ಲುಗಳು ಪುಡಿಯಾಗಿದ್ದವು. ಕಡಲತೀರ ಮನೆಯಿಂದ ಕೂಗಳತೆಯಲ್ಲಿರುವಾಗ ಕಲ್ಲಿಗೇನು ಬರ ಎಂದುಕೊಂಡು, ನುಣುಪಾದ ಕಪ್ಪು ಕಲ್ಲುಗಳನ್ನು ಅಲ್ಲಿಂದಲೇ ಆರಿಸಿ ತಂದೆ. ಭಾನುವಾರ ಇಬ್ಬರೂ ಒಳಗೆ ಕುಳಿತು, ಕಾದ ಕಲ್ಲಿನ ಮೇಲೆ ಮೊದಲ ಸೌಟು ನೀರು ಹಾಕಿದೆವು. ಕೋಣೆಯ ತುಂಬ ಉಪ್ಪುಮೀನಿನ ವಾಸನೆ ಎದ್ದಿತು.

"ಹೋಯ್, ದಿನಾ ಅಂಗಳದಲ್ಲಿ ಇದೇ ವಾಸನೆ ಕುಡ್ದು ಬತ್ತೆ. ಮನೆಯಲ್ಲೂ ಒಣಮೀನಿನ ಅಂಗಡಿ ಹಾಕಿದ್ರಾ?"

ನಾನು ಉತ್ತರಿಸುವ ಮೊದಲೇ ಒಂದು ಕಲ್ಲು ಫಟ್ಟೆಂದು ಸಿಡಿದು, ಅದರ ಚೂರು ಹಲಗೆಗೆ ತಾಗಿತು. ಇಬ್ಬರೂ ಹೊರಗೆ ಓಡಿದೆವು. ಇನ್ನು ಆ ಕೋಣೆಗೆ ಕಾಲಿಡುವುದಿಲ್ಲವೆಂದು ಅವಳು ಅಂಗಳದಲ್ಲೇ ನಿಂತು ಹೇಳಿದಳು. ಮಾರನೆಯ ಬೆಳಿಗ್ಗೆ ತುರುಬು ಕಟ್ಟಿಕೊಟ್ಟು, ಉಳಿದ ಕಲ್ಲುಗಳನ್ನು ತೀರಕ್ಕೇ ಒಯ್ದು ಹಾಕಿದೆ.

ಸುದ್ದಿ ಕೇಳಿದ ಅವಳ ತಮ್ಮ ರಾಮನಗುಳಿಯಿಂದ ಒಂದು ಚೀಲ ಹೊಳೆಕಲ್ಲು ಹೊತ್ತು ತಂದ. "ಭಾವಾ, ಇದು ಸಿಹಿನೀರಿನ ಕಲ್ಲು. ನಿಮ್ಮ ಸಮುದ್ರದ ಹಾಂಗೆ ಸಿಟ್ಟು ಮಾಡೂದಿಲ್ಲ" ಎಂದ. ಈ ಸಲ ನಾನು ಎಚ್ಚರ ವಹಿಸಿ, ಕಲ್ಲುಗಳನ್ನು ಹಿತ್ತಿಲ ಒಲೆಯಲ್ಲಿಟ್ಟು, ಮೇಲೆ ತಗಡು ಮುಚ್ಚಿ ಕಾಯಿಸಿದೆ. ತಗಡಿನಡಿಯಲ್ಲಿ ದೀಪಾವಳಿಯಂತೆ ಸದ್ದಾಯಿತು. ಭಾವಮೈದುನ ಚಹಾ ಸಹ ಪೂರ್ತಿ ಕುಡಿಯದೆ ಬಸ್ಸಿಗೆ ಹೊರಟ.

ಹೆಂಡತಿ ಜಗಲಿಯಲ್ಲಿ ಕುಳಿತು ಇದೆಲ್ಲವನ್ನೂ ನೋಡುತ್ತಿದ್ದಳು.

"ಬಾವಿ ಹತ್ರ ಅರೆಯೂ ಕಲ್ಲು ಎರಡು ತುಂಡಾಗಿ ಬಿದ್ದದೆ ಅಲ್ಲ? ಅದ್ನ ಒಡೀರಿ."

ಅದು ನನ್ನ ಅಮ್ಮನ ಕಾಲದ ಕಲ್ಲು. ಹೆಂಡತಿ ಈ ಮನೆಗೆ ಬಂದಂದಿನಿಂದ ಮಿಕ್ಸಿ ಬರುವವರೆಗೂ ಅದರಲ್ಲೇ ಮಸಾಲೆ ಅರೆದಿದ್ದಳು. ಒಡೆದ ಮೇಲೂ ಅದಕ್ಕೆ ವರ್ಷಕ್ಕೊಮ್ಮೆ ಕುಂಕುಮ ಹಚ್ಚುತ್ತಿದ್ದೆವು. ನಾನು ಸುತ್ತಿಗೆ ಹಿಡಿದು ಹಿಂದೆಮುಂದೆ ನೋಡುತ್ತ ನಿಂತೆ.

"ಎಂತಕೆ ನಿಂತ್ರಿ? ನನ್ ರಟ್ಟೆ ಎಷ್ಟು ವರ್ಷ ತಿಂತು ಅದು. ಈಗ ಸ್ವಲ್ಪ ವಾಪಸ್ ಕೊಡ್ಲಿ."

ಒಡೆದೆ. ಚೂರುಗಳನ್ನು ಒಲೆಯಲ್ಲಿ ಕಾಯಿಸಿ, ನೀರು ಸುರಿದು, ಆರಿದ ಮೇಲೆ ಒಂದನ್ನೊಂದು ತಟ್ಟಿ ನೋಡಿದೆ. ಪ್ರತಿಯೊಂದೂ ಠಣ್ ಎಂದಿತು. ಒಂದೂ ಬಿರುಕು ಬಿಟ್ಟಿರಲಿಲ್ಲ.

ಅವಳು ಮತ್ತೆ ಒಳಗೆ ಬಂದಳು. ಓಲೆ, ಬಳೆಗಳನ್ನು ತೆಗೆದಿಟ್ಟರೂ ಕರಿಮಣಿಯನ್ನು ಮಾತ್ರ ತೆಗೆಯಲು ಒಪ್ಪಲಿಲ್ಲ. ಕಾದ ಚಿನ್ನ ಎದೆಗೆ ತಾಗದಂತೆ ತಣ್ಣೀರಲ್ಲಿ ಅದ್ದಿದ ಪಂಚೆಯ ತುಂಡನ್ನು ಮಡಚಿ ಅದರ ಕೆಳಗೆ ಇಟ್ಟುಕೊಂಡಳು. ಅಂದಿನಿಂದ ಆ ತುಂಡು ಸಹ ನಮ್ಮ ಸೌನಾದ ಸಾಮಾನುಗಳಲ್ಲಿ ಸೇರಿರುತ್ತದೆ.

ಈಗ ಟವೆಲ್ಲಿನ ಗೂಟದ ವಿಷಯ. ಅದನ್ನು ನಾನು ಅವಳ ಕೈ ನೋಯದೆ ಮುಟ್ಟುವಷ್ಟು ಎತ್ತರಕ್ಕೆ, ಅಂದರೆ ಎದೆಗಿಂತ ಕೆಳಗೆ ಹೊಡೆದಿದ್ದೆ. ಪಕ್ಕದ ಮನೆಯವರು ಇಣುಕಿ, "ಇದೆಂತ, ಬಾಲವಾಡಿ ಮಕ್ಕಳಿಗೆ ಹಾಕಿದ್ಯನಾ?" ಎಂದರು. ಕುಳಿತು ಎದ್ದ ಕೂಡಲೇ ಅವಳು ಬಲಗೈಯಿಂದಲೇ ಟವೆಲ್ ತೂಗುಹಾಕಬೇಕೆಂಬುದು ನಮ್ಮೊಳಗಿನ ಒಪ್ಪಂದ. ಹಾಗೆ ಹಾಕುವುದು ಸಲೀಸಾದಾಗ ಗೂಟ ಕಿತ್ತು ಸ್ವಲ್ಪ ಮೇಲೆ ಹೊಸ ತೂತು ಕೊರೆಯುತ್ತಿದ್ದೆ. ಕೆಲವು ಸಲ ಅವಸರಪಟ್ಟು ಬಹಳ ಮೇಲೆ ಕೊರೆದು, ಬೈಸಿಕೊಂಡು, ಮತ್ತೆ ಕೆಳಗಿಳಿಸಿದ್ದೂ ಉಂಟು. ಮಳೆ ಬಂತು, ಹೋಯಿತು. ಗೂಟ ಅವಳ ಕಿವಿಯ ಮಟ್ಟಕ್ಕೆ ಬಂದು ಅಲ್ಲಿಯೇ ಬಹಳ ಕಾಲ ನಿಂತಿತು. ಇನ್ನು ಏರುವುದಿಲ್ಲವೇನೋ ಎಂದು ನಾನು ಭಯಪಟ್ಟಿದ್ದು ನಿಜ. ಅವಳಿಗೆ ಹೇಳಲಿಲ್ಲ.

ಒಂದು ಸಂಜೆ ಕಾರವಾರದಿಂದ ಬಂದು ನೋಡಿದರೆ ಕಿವಿಮಟ್ಟದಲ್ಲಿ ಗೂಟವಿರಲಿಲ್ಲ. ಅವಳ ನೆತ್ತಿಗಿಂತ ಮೇಲೆ ಸೊಟ್ಟಗೆ ಕೊರೆದ ತೂತೊಂದರಲ್ಲಿ ಅದು ನಿಂತಿತ್ತು. ಟವೆಲ್ ಅಲ್ಲಿ ಒದ್ದೆಯಾಗಿ ತೂಗುತ್ತಿತ್ತು. ತಿರುಗಿದಾಗ ಅವಳು ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದಳು.

"ನೋಡಿ. ಇದು ತುರುಬು. ನೀವು ಕಟ್ತಿದ್ದದ್ದು ಹೊರೆ."

ತುರುಬಿನಲ್ಲಿ ಅಬ್ಬಲಿಗೆ ದಂಡೆಯೂ ಇತ್ತು. ಒಳಗೆ ಹೋಗಿ ನೋಡಿದೆ. ಕನ್ನಡಿ ನಮ್ಮ ಕಡೆಗೆ ತಿರುಗಿತ್ತು.

ಶಾಖದಿಂದಲೇ ಗುಣವಾಯಿತೆಂದು ನಾನು ಬರೆಯುವುದಿಲ್ಲ. ಎತ್ತಿದ್ದು ಅವಳು. ಎತ್ತಲು ಬೇಕಾದ ಕಲ್ಲು, ಹಲಗೆ, ಸೌಟು, ಗೂಟಗಳನ್ನು ಒದಗಿಸಿದವನು ನಾನು ಎಂಬುದಷ್ಟೇ ನನ್ನ ಹೆಮ್ಮೆ, ಮತ್ತು ಅದು ಸಣ್ಣದಲ್ಲ. ಪಕ್ಕದ ಮನೆಯ ಹಿರಿಯರು ಈಗ ಮಂಡಿನೋವಿಗೆಂದು ವೈದ್ಯರನ್ನು ಕೇಳಿಕೊಂಡು ಬಂದು ನಮ್ಮಲ್ಲಿ ಕೂರುತ್ತಾರೆ. ಅಟ್ಟದ ಮಾತು ಎತ್ತುವುದಿಲ್ಲ. ಗೋಡೆಯ ತೂತುಗಳಿಗೆ ಬೆಣೆ ಹೊಡೆದು ಮುಚ್ಚಿಕೊಡುವುದಾಗಿ ದೋಣಿ ಬಡಗಿ ಹೇಳಿದಾಗ, ಬೇಡವೆಂದು ತಿಳಿಸಿದೆ. ಆ ತೂತುಗಳಲ್ಲಿ ಯಾವ ತಿದ್ದುಪಡಿಗೂ ನನ್ನ ಒಪ್ಪಿಗೆ ಇರುವುದಿಲ್ಲ.

ಈ ಬರಹದ ಮಾತು ಬೇರೆ. ಇದರಲ್ಲಿ ಕಂಡುಬರುವ ತಪ್ಪುಗಳನ್ನು ತಾವು ಸಂಕೋಚವಿಲ್ಲದೆ ಕೆಂಪು ಶಾಯಿಯಲ್ಲಿಯೇ ತಿದ್ದಿಕೊಡಬೇಕಾಗಿ ಪ್ರಾರ್ಥಿಸುತ್ತೇನೆ.